ಸುಣ್ಣ ಮೆತ್ತಿದ ಲ್ಯಾಪ್‌ಟಾಪ್

ಲ್ಯಾಪ್‌ಟಾಪನ್ನು ಮೇಜಿನ ಮೇಲೆ ಬೋರಲು ಹಾಕಿದಾಗ ಅದರ ಹೊಟ್ಟೆಯೆಲ್ಲ ಬೆಳ್ಳಗಿತ್ತು. ಗೋಡೆಗೆ ಬಳಿಯುವ ಬಣ್ಣವೇನಾದರೂ ಚೆಲ್ಲಿರಬೇಕು ಎಂದುಕೊಂಡು ಉಗುರಿನಿಂದ ಕೆರೆದೆ. ಪದರ ಪದರವಾಗಿ ಎದ್ದು ಬಂತು. ಬೆರಳಿನಷ್ಟು ಅಗಲದ ಪಟ್ಟೆಗಳು, ಒಂದರ ಮೇಲೊಂದು, ವರ್ಷಗಟ್ಟಲೆ ಎಳೆದಂಥವು. ಸುಣ್ಣ. ವೀಳ್ಯದೆಲೆಗೆ ಹಚ್ಚಿ ಬೆರಳಲ್ಲಿ ಮಿಕ್ಕಿದ ಸುಣ್ಣವನ್ನು ನಮ್ಮ ಕಡೆಯವರು ಕಂಬಕ್ಕೆ ಒರೆಸುತ್ತಾರೆ, ಬಾಗಿಲ ಚೌಕಟ್ಟಿಗೆ ಒರೆಸುತ್ತಾರೆ, ಬಸ್ಸಿನಲ್ಲಿ ಕೂತರೆ ಮುಂದಿನ ಸೀಟಿನ ಬೆನ್ನಿಗೆ ಒರೆಸುತ್ತಾರೆ. ಈ ಮಹಾನುಭಾವರು ಲ್ಯಾಪ್‌ಟಾಪಿನ ಅಡಿಗೆ ಒರೆಸಿದ್ದರು.

ಎದ್ದು ಹೋಗಿ ಕೈ ತೊಳೆದುಕೊಂಡು ಬಂದೆ. ರಿಪೇರಿ ಮಾಡುವವಳಿಗೆ ಹೇಸಿಗೆ ಇರಬಾರದು ಎನ್ನುತ್ತಾರೆ, ನನಗೆ ಬೇಕಾದಷ್ಟಿದೆ. ಜನ ಯಂತ್ರವನ್ನು ಮುಂದಿಟ್ಟು 'ಏನೂ ಆಗಿಲ್ಲ ಮೇಡಂ, ಸ್ವಲ್ಪ ಸ್ಲೋ' ಎನ್ನುವಾಗ ನನಗೆ ಮೊದಲು ಕಾಣುವುದು ಕೀಲಿಗಳ ಸಂದಿಯ ಕೂದಲು, ಉಗುರಿನ ಚೂರು, ಬೋಂಡದ ಎಣ್ಣೆ. ಕೈಗವಸಿಲ್ಲದೆ ನಾನು ಯಾವುದನ್ನೂ ಬಿಚ್ಚುವುದಿಲ್ಲ. ಅವತ್ತು ಒಂದರ ಮೇಲೊಂದು ಎರಡು ಜೊತೆ ಹಾಕಿಕೊಂಡೆ.

ಚಾಮರಾಜನಗರದ ನನ್ನ ಅಂಗಡಿಗೆ ಅದನ್ನು ತಂದವರು ಗುಂಡ್ಲುಪೇಟೆಯ ವಯಸ್ಸಾದ ಹೆಂಗಸು. ಬಸ್ಸಿಳಿದು, ಕೇಳಿಕೊಂಡು ಕೇಳಿಕೊಂಡು ಬಂದು, ಬಟ್ಟೆಯ ಚೀಲದಿಂದ ಲ್ಯಾಪ್‌ಟಾಪ್ ತೆಗೆದು ಕೌಂಟರಿನ ಮೇಲಿಟ್ಟರು. ಇಟ್ಟ ಮೇಲೆ ಸೆರಗಿನಿಂದ ಕೈ ಒರೆಸಿಕೊಂಡರು. ಅದೊಂದರಿಂದಲೇ ನನಗೆ ಅವರು ಹಿಡಿಸಿದರು.

"ಬಲು ನಿಧಾನ ಆಗೋಗದೆ ಕಣವ್ವ. ಒತ್ತಿ ಮಡಗ್ಬುಟ್ಟು ಕಾಪಿ ಕಾಸ್ಕಂಡು ಕುಡ್ದು ಬಂದ್ರೂ ಅಂಗೇ ಸುತ್ತುತಾ ಇರ್ತದೆ. ಒಸ ಡಿಸ್ಕು ಆಕುದ್ರೆ ಓಡ್ತದಂತಲ್ಲ, ಅದ ಆಕ್ಕೊಡು" ಎಂದರು.

"ಯಾರು ಉಪಯೋಗಿಸ್ತಾರಮ್ಮ ಇದನ್ನ?"

"ನಮ್ಮೆಜಮಾನ್ರು. ನಾಟ್ಕದ ಮೇಷ್ಟ್ರು."

ನಮ್ಮ ಸೀಮೆಯಲ್ಲಿ ನಾಟಕದ ಮೇಷ್ಟ್ರು ಎಂದರೆ ಹಾರ್ಮೋನಿಯಂ ಮೇಷ್ಟ್ರು. ಊರಿನ ರೈತರು, ಅಂಗಡಿಯವರು ಸೇರಿ ಪೌರಾಣಿಕ ನಾಟಕ ಕಟ್ಟುತ್ತಾರೆ. ಮೇಷ್ಟ್ರು ತಿಂಗಳುಗಟ್ಟಲೆ ಆ ಊರಿಗೆ ಹೋಗಿ ಒಬ್ಬೊಬ್ಬರಿಗೂ ಅವರವರ ಪಾರ್ಟಿನ ಪದಗಳನ್ನು ಹಾಡಿ ಹಾಡಿ ಬಾಯಿಗೆ ಕೂರಿಸುತ್ತಾರೆ. ಈ ಮೇಷ್ಟ್ರು ಕೆಲವು ವರ್ಷಗಳ ಹಿಂದೆ ಒಂದು ಮೈಕು ಕೊಂಡು, ತಾವು ಮಟ್ಟು ಹಾಕಿದ ಅಷ್ಟೂ ಪದಗಳನ್ನು ಈ ಲ್ಯಾಪ್‌ಟಾಪಿಗೆ ಹಾಡಿಟ್ಟಿದ್ದರು. ಪಾರ್ಟುದಾರರು ತಾವಿಲ್ಲದಾಗಲೂ ಕೇಳಿಕೊಂಡು ಕಲಿಯಲಿ ಎಂದು. ಆಮೇಲೆ ಅವರಿಗೆ ಗಂಟಲಿನ ಕಾಯಿಲೆ ಬಂತು. ಮೈಸೂರಿನಲ್ಲಿ ಆಪರೇಷನ್ ಆಯಿತು. ಧ್ವನಿಪೆಟ್ಟಿಗೆಯನ್ನೇ ತೆಗೆದರು.

"ಕತ್ತಲ್ಲಿ ತೂತು ಮಡಗವ್ರೆ ಕಣವ್ವ, ಉಸ್ರಾಡದು ಅಲ್ಲಿಂದ್ಲೇ. ಧೂಳು ಓಗ್ಬಾರ್ದು, ಅದ್ಕೇ ಬಸ್ಸತ್ಸಿಲ್ಲ ಅವ್ರ. ಈಗ ಇದ್ರೊಳ್ಗೆ ಇರೋದು ಒಂದೇಯ ಅವ್ರ ದನಿ. ಇದ ಆಕ್ಬುಟ್ಟು, ಪಕ್ಕದಲ್ಲಿ ಪೆಟ್ಗೆ ಬಾರುಸ್ಕಂಡು, ತಪ್ಪುದ್ರೆ ಕೈಸನ್ನೇಲಿ ತೋರುಸ್ತರೆ. ಅಂಗೇ ನಡೀತಾ ಅದೆ ಜೀವ್ನ."

ಹರದನಹಳ್ಳಿಯಲ್ಲಿ ಆಗ ಒಂದು ನಾಟಕದ ತಾಲೀಮು ನಡೆಯುತ್ತಿತ್ತು. ಶಿವರಾತ್ರಿ ಕಳೆದ ಮೇಲೆ ಆಡುವುದೆಂದು ಗೊತ್ತುಮಾಡಿದ್ದರು. ಲ್ಯಾಪ್‌ಟಾಪು ಕೈಕೊಟ್ಟಾಗಿನಿಂದ ತಾಲೀಮು ಕುಂಟುತ್ತಿದೆ, ಇನ್ನೂ ತಡವಾದರೆ ನಂಜನಗೂಡಿನ ಕಡೆಯಿಂದ ಬೇರೆ ಮೇಷ್ಟ್ರನ್ನು ಕರೆಸುತ್ತೇವೆ ಎಂದು ಊರಿನವರು ಹೇಳಿ ಕಳಿಸಿದ್ದರಂತೆ. ಒಮ್ಮೆ ಒಂದು ಊರು ಕೈಬಿಟ್ಟರೆ ಮಿಕ್ಕ ಊರುಗಳೂ ಬಿಡುತ್ತವೆ. ಮಾತು ಬಾರದ ಮೇಷ್ಟ್ರನ್ನು ಕರೆಯುವುದು ಅವರ ದನಿ ಹೇಗೋ ಉಳಿದಿದೆ ಎಂಬ ಒಂದೇ ಕಾರಣಕ್ಕೆ.

ನಾನು ಅವತ್ತು ಒಂದು ಮಾತು ಕೊಟ್ಟೆ. ಹಳೆಯ ಹಾರ್ಡ್ ಡಿಸ್ಕಿನ ಪಡಿಯಚ್ಚನ್ನು ಎಸ್‌ಎಸ್‌ಡಿ ಎಂಬ ಹೊಸ ಬಗೆಯ ಡಿಸ್ಕಿಗೆ ಇಳಿಸುತ್ತೇನೆ, ಪರದೆಯ ಮೇಲೆ ಎಲ್ಲ ಇದ್ದ ಹಾಗೇ ಇರುತ್ತದೆ, ವೇಗ ಮಾತ್ರ ಬೇರೆ ಎಂದೆ. ಆಕೆ ಅದನ್ನೇ ಮತ್ತೆ ಮತ್ತೆ ಕೇಳಿದರು.

"ಜಾಗ ಬದ್ಲಾಗ್ಬಾರ್ದು ಕಣವ್ವ. ಅವ್ರು ಎಸ್ರು ಓದಿ ಒತ್ತದಲ್ಲ. ಎಸ್ರೆಲ್ಲ ಇಂಗ್ಲೀಸಲ್ಲಿ ಅದೇ ಬರ್ಕಂಡದೆ. ಮೇಲ್ಗಡೆ ಸಾಲು ರಾಜಪಾರ್ಟಿಂದು, ಎಡಗಡೆದು ಸ್ತ್ರೀಪಾರ್ಟಿಂದು, ಅಂಗೆ ಗ್ಯಾನ್ದಲ್ಲಿ ಮಡಿಕಂಡವ್ರೆ."

ಆಗಲಿ ಎಂದೆ. ಪಡಿಯಚ್ಚು ಇಳಿಸುವುದು ನಾನು ಕಣ್ಣು ಮುಚ್ಚಿಕೊಂಡು ಮಾಡುವ ಕೆಲಸ. ಅದಕ್ಕೆ ಮೊದಲು ಯಂತ್ರವನ್ನು ಬಿಚ್ಚಬೇಕಲ್ಲ.

ಸ್ಕ್ರೂಗಳು ಕಾಣಿಸಲೇ ಇಲ್ಲ. ತಲೆಯ ಗುಳಿಗಳಲ್ಲೆಲ್ಲ ಸುಣ್ಣ ತುಂಬಿ ಗಾರೆ ಹಾಕಿದಂತೆ ಗಟ್ಟಿಯಾಗಿತ್ತು. ಸೂಜಿಯಿಂದ ಕೆದಕಿದರೆ ಪುಡಿ ಮೂಗಿಗೆ ಹಾರಿತು. ಬಲವಂತಕ್ಕೆ ತಿರುಗಿಸಿದರೆ ಒಂದರ ತಲೆ ಸವೆಯಿತು. ಪಕ್ಕದ ಹೋಟೆಲಿನಿಂದ, ಅವರು ನೂಡಲ್ಸಿಗೆ ಹಾಕುವ ವಿನೆಗರನ್ನು ಒಂದು ಲೋಟದಲ್ಲಿ ತರಿಸಿದೆ. ಹತ್ತಿ ಕಡ್ಡಿಯನ್ನು ಅದ್ದಿ, ಹಿಂಡಿ, ಒಂದೊಂದು ಗುಳಿಗೂ ಮುಟ್ಟಿಸಿದೆ. ಹುಳಿ ತಾಗಿದ್ದೇ ಸುಣ್ಣ ಬುಸುಬುಸು ನೊರೆಯಾಗಿ ಮೇಲೆ ಬಂತು. ಆ ನೊರೆಯೇನೂ ಬೆಳ್ಳಗಿರಲಿಲ್ಲ. ಸುಣ್ಣದ ಬೆರಳಿಗೆ ಅಂಟಿದ್ದ ಎಲೆಯ ರಸ, ಕಡ್ಡಿಪುಡಿ ಎಲ್ಲ ಅದರೊಂದಿಗೆ ಒಣಗಿತ್ತಲ್ಲ, ಅದೂ ಕರಗಿ ಕಂದು ನೊರೆಯಾಯಿತು. ಹುಳಿ, ಹೊಗೆಸೊಪ್ಪು, ಹಳೆಯ ಬಾಯಿ, ಮೂರೂ ಸೇರಿದ ವಾಸನೆ ಅಂಗಡಿಯಲ್ಲಿ ತುಂಬಿತು.  ಹೊರಗೆ ಹೋಗಿ ನಿಂತು, ಬಸ್ಸಿನ ಹೊಗೆಯನ್ನು ಎದೆ ತುಂಬ ಎಳೆದುಕೊಂಡು, ಮತ್ತೆ ಬಂದು ಕೂತೆ.

ಅಡಿಯ ಮುಚ್ಚಳ ಎದ್ದಾಗ ನಿಧಾನದ ಅರ್ಧ ಕಾರಣ ಸಿಕ್ಕಿತು. ಗಾಳಿ ಎಳೆದುಕೊಳ್ಳುವ ಕಿಂಡಿಗಳನ್ನು ಸುಣ್ಣ ಪೂರ್ತಿ ಮೆತ್ತಿಬಿಟ್ಟಿತ್ತು. ಫ್ಯಾನು ತಿರುಗಿ ತಿರುಗಿ ಒಳಗಿನ ಬಿಸಿಯನ್ನೇ ಮತ್ತೆ ಕಲಕುತ್ತಿತ್ತು. ಅದರ ರೆಕ್ಕೆಗಳಿಗೆ ಊದುಬತ್ತಿಯ ಬೂದಿ, ಧೂಳು, ಎಣ್ಣೆ ಸೇರಿ ಕಂಬಳಿಯಂಥ ಒಂದು ಪದರ ಕಟ್ಟಿತ್ತು. ಅದನ್ನು ಚಿಮಟದಲ್ಲಿ ಹಿಡಿದು ಎಳೆದರೆ ಇಡಿಯಾಗಿ ಬಂತು, ಜೊತೆಗೆ ಜಿರಲೆಯ ಮೊಟ್ಟೆಯ ಕೋಶಗಳೂ ಬಂದವು.

ಕೀಬೋರ್ಡನ್ನು ಎತ್ತಿದ್ದು ಅದಕ್ಕಿಂತ ಕೆಟ್ಟ ಗಳಿಗೆ. ಮೇಷ್ಟ್ರು ಬಾಯಿ ತುಂಬ ಎಲೆಯಡಿಕೆ ಇಟ್ಟುಕೊಂಡೇ ಹಾಡುತ್ತಿದ್ದರು ಎಂಬುದನ್ನು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಕೀಲಿಗಳ ಕೆಳಗಿನ ಹಾಳೆಯ ಮೇಲೆ ಕೆಂಪು ಹನಿಗಳು, ಹನಿಗಳ ಮೇಲೆ ಹನಿಗಳು, ಮಧ್ಯದಲ್ಲಿ ದಟ್ಟವಾಗಿ, ಅಂಚಿಗೆ ಹೋಗುತ್ತ ಚದುರಿ. ಯಾವ ಪದವನ್ನು ಎಷ್ಟು ಜೋರಾಗಿ ಎತ್ತಿದ್ದಾರೆ ಎಂದು ನೋಡಿ ಹೇಳಬಹುದಿತ್ತು. ಅದನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತೆಗೆದೆ. ಮಧ್ಯಾಹ್ನ ಬುತ್ತಿ ಬಿಚ್ಚಿದರೆ ಬೀಟ್‌ರೂಟ್ ಪಲ್ಯ. ಮುಚ್ಚಿ ಹಾಗೇ ಮನೆಗೆ ವಾಪಸು ಒಯ್ದೆ.

ಹಾರ್ಡ್ ಡಿಸ್ಕನ್ನು ಬಿಚ್ಚಿ ನೋಡಿದಾಗ ನಿಜವಾದ ಭಯ ಶುರುವಾಯಿತು. ಕಿಂಡಿಯಿಂದ ಸೋಸಿ ಒಳಗಿಳಿದ ಸುಣ್ಣದ ಪುಡಿ, ಮಳೆಗಾಲದ ತೇವಕ್ಕೆ ಅಂಟಿಕೊಂಡು, ಡಿಸ್ಕು ಬೋರ್ಡಿಗೆ ಸೇರುವ ಕಡೆ ಕುಳಿತಿತ್ತು. ಕೆಲವು ಪಿನ್ನುಗಳು ಹಸಿರಾಗಿದ್ದವು. ಅವನ್ನು ಒರೆಸಿ, ಒಣಗಿಸಿ, ಡಿಸ್ಕನ್ನು ನನ್ನ ಕಂಪ್ಯೂಟರಿಗೆ ಸೇರಿಸಿ, ಪಕ್ಕದಲ್ಲಿ ಹೊಸ ಎಸ್‌ಎಸ್‌ಡಿಯನ್ನು ಚುಚ್ಚಿ, ಪಡಿಯಚ್ಚು ಇಳಿಸಲು ಕೊಟ್ಟೆ. ಒಂದಷ್ಟು ದೂರ ಸಲೀಸಾಗಿ ಹೋಯಿತು. ಆಮೇಲೆ ಟಕ್ ಎಂದಿತು. ಸ್ವಲ್ಪ ತಡೆದು ಮತ್ತೆ ಟಕ್.

ಈ ಸದ್ದು ಗೊತ್ತಿರುವವರಿಗೆ ಹೇಳಬೇಕಾಗಿಲ್ಲ. ಹಾರ್ಡ್ ಡಿಸ್ಕಿನೊಳಗೆ ತಿರುಗುವ ತಟ್ಟೆ ಇರುತ್ತದೆ, ಅದರ ಮೇಲೆ ಓದುವ ಸಣ್ಣ ತೋಳು ಓಡಾಡುತ್ತದೆ. ತೋಳಿಗೆ ಜಾಗ ಸಿಗದೆ ಹಿಂದಕ್ಕೆ ಹೋಗಿ ಮತ್ತೆ ಬರುವ ಸದ್ದು ಅದು. ವರ್ಷಗಟ್ಟಲೆ ಬಿಸಿಯಲ್ಲಿ ಬೆಂದಿದ್ದ ಡಿಸ್ಕು. ಮುಟ್ಟಿ ನೋಡಿದರೆ ಇಡ್ಲಿ ಪಾತ್ರೆಯ ಹಾಗೆ ಸುಡುತ್ತಿತ್ತು. ನಾನು ಕೈ ತೆಗೆಯುವುದರೊಳಗೆ ಪರದೆಯಿಂದ ಡಿಸ್ಕಿನ ಹೆಸರೇ ಮಾಯವಾಯಿತು.

ಸ್ವಿಚ್ಚು ಆರಿಸಿದೆ. ಸಿಟ್ಟು ಮೇಷ್ಟ್ರ ಮೇಲೆ ಬಂತು. ಕೈಗೆ ಸಿಕ್ಕಿದ್ದಕ್ಕೆಲ್ಲ ಸುಣ್ಣ ಒರೆಸುವ ಮನುಷ್ಯ, ಗಂಟಲನ್ನು ಎಲೆಯಡಿಕೆಗೂ ಕಡ್ಡಿಪುಡಿಗೂ ಕೊಟ್ಟ ಮೇಲೆ, ಗಂಟಲಿಗೆ ಬದಲಾಗಿ ಉಳಿದ ಈ ಡಬ್ಬಿಯನ್ನೂ ಅದಕ್ಕೇ ಕೊಟ್ಟಿದ್ದರು. ಮಾಡಿದ್ದುಣ್ಣೋ ಮಹಾರಾಯ ಎಂದು ವಾಪಸು ಕೊಟ್ಟುಬಿಡೋಣ ಎಂದೂ ಅನ್ನಿಸಿತು. ಆದರೆ ಉಣ್ಣುವವರು ಅವರೊಬ್ಬರೇ ಅಲ್ಲವಲ್ಲ, ಚೀಲ ಹಿಡಿದು ಬಸ್ಸಿನಲ್ಲಿ ಬಂದಾಕೆಯೂ ಇದ್ದರು.

ಅದೇ ಹೊತ್ತಿಗೆ ಹರದನಹಳ್ಳಿಯ ರಾಜಪಾರ್ಟಿನಾತ ಬೈಕಿನಲ್ಲಿ ಬಂದು ನಿಂತ. ನಾಟಕದಲ್ಲಿ ರಾಜನ ಪಾತ್ರ ಮಾಡುವವನು, ಮನೆಯಲ್ಲಿ ಅರಿಶಿನ ಬೆಳೆಯುವವನು. ಒಳ್ಳೆ ಆಳು, ದೊಡ್ಡ ಮೀಸೆ. ಬಾಯಿ ತುಂಬಿತ್ತು. ಅಂಗಡಿಯ ಮೆಟ್ಟಿಲ ಪಕ್ಕದ ಚರಂಡಿಗೆ ಉಗಿದು ಒಳಗೆ ಬಂದ.

"ಇನ್ನೂ ಎಷ್ಟೊತ್ತಾಯ್ತದೆ ಮೇಡಂ? ತಾಲೀಮು ನಿಂತೋಗದೆ. ಸುಮ್ಕೆ ಒಸದ್ ಆಕಿ ಕೊಟ್ಬುಡಿ, ಪದ ಎಂಗೋ ಬತ್ತವೆ."

"ಪದ ಹಳೇದರಲ್ಲಿವೆ. ಹಳೇದು ಸಾಯ್ತಾ ಇದೆ."

"ಅಂಗಂದ್ರೆ?"

"ಹೆಚ್ಚು ಓಡಿಸಿದ್ರೆ ಎಲ್ಲ ಹೋಗ್ತದೆ. ಬಾಯಿ ತೊಳ್ಕೊಂಡು ಬನ್ನಿ, ಆಮೇಲೆ ಮಾತಾಡನ."

ಅವನಿಗೆ ನಾನು ತಮಾಷೆ ಮಾಡುತ್ತಿದ್ದೇನೆ ಅನ್ನಿಸಿತೋ ಏನೋ, ನಕ್ಕ. ಹಲ್ಲುಗಳು ಕಂಡವು. ನಾನು ಡಿಸ್ಕಿನ ಕಡೆ ತಿರುಗಿಕೊಂಡೆ.

ಮುಂದೆ ಇದ್ದದ್ದು ಎರಡು ದಾರಿ. ಪಡಿಯಚ್ಚೇ ಬೇಕೆಂದು ಹಟ ಹಿಡಿದರೆ ಡಿಸ್ಕಿನ ಮೊದಲಿಂದ ಕೊನೆಯವರೆಗೆ ಎಲ್ಲವನ್ನೂ ಓದಿಸಬೇಕು. ಬೇಡದ ಕಸವನ್ನೂ ಓದಿಸಬೇಕು. ಆ ಶ್ರಮಕ್ಕೆ ಡಿಸ್ಕು ಮಧ್ಯದಲ್ಲೇ ಸಾಯಬಹುದು, ಆಗ ಒಂದು ಪದವೂ ದಕ್ಕುವುದಿಲ್ಲ. ಇಲ್ಲವೇ ಪಡಿಯಚ್ಚಿನ ಆಸೆ ಬಿಟ್ಟು, ಹಾಡಿನ ಫೈಲುಗಳನ್ನು ಮಾತ್ರ ಒಂದೊಂದಾಗಿ ಎತ್ತಿಕೊಂಡು, ಹೊಸ ಡಿಸ್ಕಿಗೆ ವಿಂಡೋಸನ್ನು ಹೊಸದಾಗಿ ಹಾಕಬೇಕು. ಆಗ ಪರದೆಯ ಮೇಲಿನ ಸಾಲು, ಜಾಗ ಎಲ್ಲ ಹೋಗುತ್ತದೆ. ಫೈಲುಗಳಿಗೆ ಇದ್ದದ್ದು ರೆಕಾರ್ಡಿಂಗ್ ಎಂಬ ಹೆಸರು, ಪಕ್ಕದಲ್ಲೊಂದು ಅಂಕಿ. ಯಾವುದು ಯಾರ ಪದ ಎಂದು ದೇವರೇ ಹೇಳಬೇಕು. ಕೊಟ್ಟ ಮಾತು ಮುರಿಯುವುದು ನನಗೆ ಹಿಡಿಸುವುದಿಲ್ಲ. ಗುಂಡ್ಲುಪೇಟೆಗೆ ಫೋನು ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

 ಆಕೆಯ ಹಿಂದೆ ಯಾರೋ ಕೆಮ್ಮುವ ಸದ್ದು ಬಂತು. ಬಾಯಿಂದ ಬರುವ ಕೆಮ್ಮಲ್ಲ, ಸೈಕಲ್ ಪಂಪಿನಂಥದು.

"ಜಾಗ ಓಗ್ಲಿ ಬುಡವ್ವ. ದನಿ ಉಳುಸ್ಕೊಡು" ಎಂದರು.

ಡಿಸ್ಕನ್ನು ಸ್ಟೀಲ್ ತಟ್ಟೆಯ ಮೇಲಿಟ್ಟು, ಟೇಬಲ್ ಫ್ಯಾನನ್ನು ಅದರ ಮುಖಕ್ಕೇ ತಿರುಗಿಸಿದೆ. ತಣ್ಣಗಾದ ಮೇಲೆ ಓದಿಸುವುದು, ಬಿಸಿಯೇರಿದರೆ ಆರಿಸುವುದು. ಓದಲು ಬಾರದ ಜಾಗಕ್ಕೆ ತಲೆ ಚಚ್ಚಿಕೊಳ್ಳದೆ ಹಾರಿ ಮುಂದೆ ಹೋಗಿ, ಸುಲಭವಾಗಿ ಸಿಗುವುದನ್ನೆಲ್ಲ ಮೊದಲು ಎತ್ತಿಕೊಂಡು, ಕೊನೆಗೆ ಕಷ್ಟದ ಜಾಗಕ್ಕೆ ಹಿಂದಿರುಗುವ ತಂತ್ರಾಂಶ ಇದೆ. ಅದಕ್ಕೆ ಹಾಡಿನ ಫೋಲ್ಡರನ್ನು ಮಾತ್ರ ತೋರಿಸಿದೆ. ಬೇರೆ ಗಿರಾಕಿಗಳ ಕೆಲಸವೆಲ್ಲ ಮೂಲೆ ಸೇರಿತು. ಟಕ್ ಎಂದಾಗಲೆಲ್ಲ ಕೈ ಸ್ವಿಚ್ಚಿಗೆ ಹೋಗುತ್ತಿತ್ತು. ಒಂದೊಂದು ಪದ ಈ ಕಡೆಗೆ ಬಂದಾಗಲೂ ಒಂದೊಂದು ಎಂಜಲು ತಟ್ಟೆ ಎತ್ತಿಟ್ಟಷ್ಟೇ ಖುಷಿ. ಅದಕ್ಕಿಂತ ಹೆಚ್ಚಿನ ಪ್ರೀತಿ ನನಗೆ ಆ ಯಂತ್ರದ ಮೇಲೆ ಹುಟ್ಟಲಿಲ್ಲ.

ಕೊನೆಗೆ ಎಲ್ಲ ಬಂದವು, ಒಂದನ್ನು ಬಿಟ್ಟು. ಆ ಒಂದರ ಮಧ್ಯದ ತುಂಡನ್ನು ಓದಿಸಲು ಮತ್ತೆ ಹಿಂದಿರುಗಿದಾಗ ಡಿಸ್ಕು ಒಂದು ಸಲ ಕಿರುಗುಟ್ಟಿ ನಿಂತಿತು. ಆಮೇಲೆ ತಿರುಗಲೇ ಇಲ್ಲ.

ಹೊಸ ಎಸ್‌ಎಸ್‌ಡಿಗೆ ವಿಂಡೋಸ್ ಹಾಕಿ, ಪದಗಳನ್ನು ಇಳಿಸಿ, ಲ್ಯಾಪ್‌ಟಾಪಿನೊಳಗೆ ಕೂರಿಸಿದರೆ ಯಂತ್ರಕ್ಕೆ ಅದು ಕಾಣಲೇ ಇಲ್ಲ. ಮತ್ತೆ ಬಿಚ್ಚಿದೆ. ಬೋರ್ಡಿನ ಕಡೆಯ ಸಂದಿಯಲ್ಲಿ ಇನ್ನೂ ಸುಣ್ಣ. ಸೂಜಿಗೆ ಹತ್ತಿ ಸುತ್ತಿ, ಒಂದೊಂದು ಪಿನ್ನಿನ ಬಾಯಿಯನ್ನೂ ಒರೆಸಿದೆ. ಈ ಸಲ ಒತ್ತಿದ ಕೂಡಲೇ ಎದ್ದು ಕೂತಿತು. ಅಷ್ಟು ಹಳೆಯ ಲ್ಯಾಪ್‌ಟಾಪು, ಬಾಗಿಲು ತಟ್ಟುವ ಮುಂಚೆಯೇ ತೆರೆದವರ ಹಾಗೆ.

ಯಾವ ಪದ ಯಾರದ್ದು ಎಂದು ಹೇಳಲು ಮೇಷ್ಟ್ರ ಹೆಂಡತಿ ಮತ್ತೆ ಬಸ್ಸು ಹತ್ತಿ ಬಂದರು. ಪಕ್ಕದಲ್ಲಿ ಕುರ್ಚಿ ಹಾಕಿಕೊಟ್ಟೆ. ಮೊದಲ ಫೈಲು ಒತ್ತಿದೆ. ಹಾಡು ಬರುವ ಮೊದಲು ಕರ್ರೆಂದು ಗಂಟಲು ಕ್ಯಾಕರಿಸುವ ಸದ್ದು, ಥೂ ಎಂದು ಉಗಿಯುವ ಸದ್ದು, ಬಟ್ಟಲಿಗೆ ಬಿದ್ದ ಸದ್ದು. ಎರಡು ಕಡೆಯ ಸ್ಪೀಕರಿನಿಂದಲೂ ಅಚ್ಚುಕಟ್ಟಾಗಿ ಬಂತು. ಎರಡನೆಯದರಲ್ಲೂ ಅದೇ. ಮೂರನೆಯದರಲ್ಲೂ.

"ಇದನ್ನೆಲ್ಲ ಕತ್ತರಿಸಿ ತೆಗೀಲಾ ಅಮ್ಮ?"

"ಬ್ಯಾಡ ಕಣವ್ವ. ಅದ್ಕೇ ಕಾಯ್ಕಂಡಿರ್ತರೆ ಎಲ್ರೂವ. ಮೇಷ್ಟ್ರು ಉಗ್ದ್ರು ಅಂದ್ರೆ ಪದ ಎತ್ಬೇಕು ಅಂತ ಅಭ್ಯಾಸ ಆಗೋಗದೆ."

ಉಗಿದ ಮೇಲೆ ದನಿ ಬಂತು. ಅದನ್ನು ನಾನು ಹೇಳಲೇಬೇಕು. ಅಷ್ಟು ತುಂಬಿದ, ಅಷ್ಟು ನಿಧಾನದ, ಕೊನೆಯ ಅಕ್ಷರವನ್ನೂ ಕೈಬಿಡದ ದನಿಯನ್ನು ನಾನು ಹತ್ತಿರದಿಂದ ಕೇಳಿರಲಿಲ್ಲ. ಅಂಥ ಬಾಯಿಂದ ಇಂಥದ್ದು ಬಂತಲ್ಲ ಎಂದು ನನಗೆ ಸಿಟ್ಟು ಇನ್ನಷ್ಟು ಹೆಚ್ಚಾಯಿತು.

ಆಕೆಗೆ ಹಾಡು ಪೂರ್ತಿ ಬೇಕಾಗಿರಲಿಲ್ಲ. ಎರಡು ಸ್ವರ ಕೇಳಿದರೆ ಸಾಕು, 'ರಾಜಪಾರ್ಟಿಂದು, ಸಭೆಗೆ ಬರೋ ಪದ', 'ಸ್ತ್ರೀಪಾರ್ಟಿಂದು, ಅಳೋದು' ಎನ್ನುವರು. ನಾನು ಕನ್ನಡದಲ್ಲಿ ಹೆಸರು ಬರೆಯುತ್ತ ಹೋದೆ. ಆಕೆಯ ಮುಖದಲ್ಲಿ ಮೆಚ್ಚುಗೆಯೂ ಇಲ್ಲ, ಬೇಸರವೂ ಇಲ್ಲ, ಸೊಪ್ಪು ಬಿಡಿಸುವ ಹಾಗೆ. ಕೊನೆಗೆ ಆ ತೂತು ಬಿದ್ದ ಪದ ಹಾಕಿದೆ. ರಾಜಪಾರ್ಟಿನದೇ, ನಾಟಕದ ಕೊನೆಗೆ ರಾಜ ಸಾಯುವಾಗ ಹಾಡುವಂಥದು. ಮಧ್ಯದಲ್ಲಿ ದನಿ ಕಡಿದು ಮೌನ ಬಂತು. ಆಕೆಯ ತುಟಿ ಮಾತ್ರ ನಿಲ್ಲಲಿಲ್ಲ. ಸದ್ದಿಲ್ಲದೆ ಆಡುತ್ತಲೇ ಇತ್ತು. ಮೌನ ಮುಗಿದು ಮೇಷ್ಟ್ರ ದನಿ ಮತ್ತೆ ಬಂದಾಗ ತುಟಿಯೂ ದನಿಯೂ ಒಂದೇ ಅಕ್ಷರದ ಮೇಲಿದ್ದವು.

"ನಿಮಗೆ ಬರ್ತದಲ್ಲಮ್ಮ. ಆ ಸಾಲು ನೀವೇ ಹೇಳಿಬಿಡಿ, ಸೇರಿಸ್ತೀನಿ."

"ನಾನಾ? ಥೂ, ಬುಡು" ಎಂದರು.

"ಯಾಕೆ?"

ಆಕೆ ಸೆರಗನ್ನು ಸರಿಮಾಡಿಕೊಂಡರು. "ಮದ್ವೆ ಆದ ಒಸ್ದು. ಅವ್ರು ಒಂದು ಮಟ್ಟು ಕಟ್ತಾ ಇದ್ರು, ಪಡಸಾಲೇಲಿ. ನಾನು ಒಳ್ಗಡೆ ಇಟ್ಟು ರುಬ್ತಾ ಕುಂತಿದ್ದೆ. ಕೇಳ್ತಾ ಕೇಳ್ತಾ ಬಾಯ್ಗೆ ಬಂದ್ಬುಡ್ತು, ಎತ್ಬುಟ್ಟೆ. ಬಂದು ಬಾಗ್ಲಲ್ಲಿ ನಿಂತ್ಕಂಡ್ರು. ರಂಗಕ್ಕೆ ಏರ್ದೆ ಇರೋ ಪದವ ಎಣ್ಣೆಂಗ್ಸು ಬಾಯ್ಗಾಕ್ಕಂಡ್ರೆ ಎಂಜ್ಲಾಯ್ತದೆ ಅಂದ್ರು. ಆ ಪದವ ನಾಟ್ಕದಿಂದ್ಲೇ ತಗ್ದಾಕ್ಬುಟ್ರು. ಆವತ್ತಿಂದ ನಾನು ಬಾಯಿ ತಗ್ದಿಲ್ಲ. ಅವ್ರು ಪದ ಯೋಳ್ವಾಗ ಉಗ್ಯೋ ಬಟ್ಲು ಇಡ್ಕಂಡು ಪಕ್ಕದಲ್ಲಿ ನಿಂತ್ಕತಿದ್ದೆ, ಅಷ್ಟೇಯ."

ನನ್ನ ಮೇಜಿನ ಮೇಲೆ ಆ ಬ್ರಷ್ಷು ಇನ್ನೂ ಬಿದ್ದಿತ್ತು, ಬುಡದಲ್ಲಿ ಕೆಂಪಾಗಿ. ಅಷ್ಟು ದಿನ ನಾನು ತಿಕ್ಕಿದ್ದು, ಕೆರೆದದ್ದು ಎಲ್ಲ ಯಾರ ಬಾಯಿಂದ ಬಂದದ್ದು? ಎಂಜಲು ಎಂದರೆ ಏನು, ಅದು ಯಾವ ಬಣ್ಣ, ಒಣಗಿದರೆ ಹೇಗಿರುತ್ತದೆ, ಹುಳಿ ಹಾಕಿದರೆ ಯಾವ ವಾಸನೆ ಬರುತ್ತದೆ ಎಂದು ಆ ಮೇಷ್ಟ್ರಿಗೆ ನಾನು ಪಾಠ ಹೇಳಬಲ್ಲೆ ಅನ್ನಿಸಿತು. ಬ್ರಷ್ಷನ್ನು ಎತ್ತಿ ಕಸದ ಬುಟ್ಟಿಗೆ ಹಾಕಿದೆ.  ಆಕೆ ಚೀಲ ತೆಗೆದುಕೊಂಡು ಎದ್ದರು. ನಾಳೆ ನಾನೇ ಲ್ಯಾಪ್‌ಟಾಪ್ ತರುತ್ತೇನೆ, ಯಾವುದು ಎಲ್ಲಿರಬೇಕೆಂದು ಮೇಷ್ಟ್ರೇ ತೋರಿಸಲಿ ಎಂದೆ.

ಮರುದಿನ ತೆರಕಣಾಂಬಿ ದಾರಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಕಂಬಿಗೆ ಸುಣ್ಣ ಒರೆಸಿತ್ತು. ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಗುಂಡ್ಲುಪೇಟೆಯವರೆಗೂ ಕೈಕಟ್ಟಿ ಕೂತಿದ್ದೆ.

ಮೇಷ್ಟ್ರನ್ನು 'ಎಷ್ಟು ಕೊಳಕರಿರಬಹುದು' ಎಂದು ಊಹಿಸಿಕೊಂಡು ಹೋಗಿದ್ದೆ. ಇಸ್ತ್ರಿ ಮಾಡಿದ ಬಿಳಿ ಜುಬ್ಬ, ಹಣೆಗೆ ವಿಭೂತಿ, ಕತ್ತಿನ ತೂತಿನ ಮೇಲೆ ಶುಭ್ರವಾದ ಬಿಳಿ ಬಟ್ಟೆ. ಬಟ್ಟೆ ಒಗೆದು ಇಸ್ತ್ರಿ ಮಾಡುವವರು ಯಾರೆಂದು ಕೇಳಬೇಕಾಗಿರಲಿಲ್ಲ. ಕೈಯಲ್ಲಿ ಮಕ್ಕಳ ಸ್ಲೇಟು. ರಾಜಪಾರ್ಟಿನಾತ ಆಗಲೇ ಬಂದು ಚಾಪೆಯ ಮೇಲೆ ಕೂತು ಅಗಿಯುತ್ತಿದ್ದ.

ಮೇಷ್ಟ್ರು ಒಂದೊಂದು ಹೆಸರನ್ನೂ ಓದಿ, ಪರದೆಯ ಮೇಲೆ ಜಾಗ ತೋರಿಸಿದರು. ನಾನು ಎಳೆದು ಎಳೆದು ಕೂರಿಸಿದೆ. ಒಂದು ಕೂದಲೆಳೆಯಷ್ಟು ಆಚೀಚೆ ಆದರೂ ಒಪ್ಪಲಿಲ್ಲ. ಲ್ಯಾಪ್‌ಟಾಪಿನ ಅಡಿ ಮುಟ್ಟಿ ನೋಡಿ, ನುಣ್ಣಗಾಗಿದ್ದನ್ನು ಕಂಡು, ನನ್ನ ಕಡೆ ನೋಡಿದರು. ನಾನು ಮುಖ ಸಡಿಲಿಸಲಿಲ್ಲ.

ಕೊನೆಯ ಪದ ಹಾಕಿದೆವು. ಕ್ಯಾಕರಿಸಿ ಉಗಿದ ಸದ್ದಿಗೆ ರಾಜಪಾರ್ಟಿನಾತ ನೆಟ್ಟಗೆ ಕೂತು ಪದ ಎತ್ತಿದ. ಮಧ್ಯದಲ್ಲಿ ದನಿ ನಿಂತಿತು, ಅವನೂ ನಿಂತ.

"ಇಷ್ಟೇ ಉಳಿದಿದ್ದು ಮೇಷ್ಟ್ರೆ" ಎಂದೆ.

ಮೇಷ್ಟ್ರು ಹಾರ್ಮೋನಿಯಂ ಎಳೆದುಕೊಂಡರು. ಕಳೆದುಹೋದ ಸಾಲನ್ನು ಸ್ಲೇಟಿನಲ್ಲಿ ಬರೆದು, ಮಟ್ಟನ್ನು ಬಾರಿಸಿದರು. ಮಟ್ಟು ಅವನಿಗೆ ಹಿಡಿಯಿತು, ಮಾತೂ ಕಣ್ಣ ಮುಂದಿತ್ತು, ಎರಡನ್ನೂ ಎಲ್ಲಿ ಕೂಡಿಸಬೇಕು, ಯಾವ ಅಕ್ಷರವನ್ನು ಎಳೆಯಬೇಕು, ಎಲ್ಲಿ ಉಸಿರು ತೆಗೆಯಬೇಕು ಎಂಬುದು ಮಾತ್ರ ಬರಲಿಲ್ಲ. ಮೇಷ್ಟ್ರು ತೊಡೆ ತಟ್ಟಿ ತೋರಿಸಿದರು. ತಪ್ಪಿದ. ಕೈ ಎತ್ತಿ ಗಾಳಿಯಲ್ಲಿ ಎಳೆದು ತೋರಿಸಿದರು. ಮತ್ತೆ ತಪ್ಪಿದ. ಬಾಯಿ ತೆರೆದೇಬಿಟ್ಟರು, ಕತ್ತಿನ ಬಟ್ಟೆ ಹಾರಿ ಹಾರಿ ಬಿತ್ತು, ಬರೀ ಗಾಳಿ ಬಂತು.

"ಅಮ್ಮನಿಗೆ ಬರುತ್ತದೆ" ಎಂದೆ. ನನ್ನ ಕೆಲಸ ಅಲ್ಲ ಅದು, ಆದರೂ ಎಂದೆ.

ರಾಜಪಾರ್ಟಿನಾತ ಅಗಿಯುವುದನ್ನು ನಿಲ್ಲಿಸಿದ. "ಎಣ್ಮಕ್ಳು ಬಾಯಿಂದ ಕಲ್ತು ರಾಜಪಾರ್ಟು ಮಾಡುದ್ರೆ ಊರೊಳ್ಗೆ ತಲೆ ಎತ್ಕಂಡು ತಿರುಗಕ್ಕಾಯ್ತದ ಮೇಡಂ?"

"ಹಾಗಾದ್ರೆ ಹಾಡದೇ ಸಾಯಿಸಿಕೊಳ್ಳಿ ರಾಜನ್ನ" ಎಂದೆ.

ಮೇಷ್ಟ್ರು ಹೆಂಡತಿಯ ಕಡೆ ನೋಡಿದರು. ಆಕೆ ಅಡುಗೆಮನೆ ಬಾಗಿಲಲ್ಲಿ ನಿಂತು ಗೋಡೆಯ ಕಡೆ ನೋಡುತ್ತಿದ್ದರು. ಮೇಷ್ಟ್ರು ಸ್ಲೇಟನ್ನು ಜುಬ್ಬದ ತೋಳಿನಿಂದಲೇ ಒರೆಸಿ, 'ಹೇಳು' ಎಂದು ಬರೆದು, ಅವರ ಕಡೆ ತಿರುಗಿಸಿ ಹಿಡಿದರು.

ಆಕೆ ಓದಿದರು. "ಎಂಜ್ಲಾಗಕಿಲ್ವಾ?"

ಮೇಷ್ಟ್ರು ಸ್ಲೇಟು ಇಳಿಸಲಿಲ್ಲ. ಹಾಗೇ ಹಿಡಿದಿದ್ದರು. ಆಕೆ ಅವರನ್ನು ಬೇಕಾದಷ್ಟು ಹೊತ್ತು ಕಾಯಿಸಿದರು. ಆಮೇಲೆ ಬಂದು ಚಾಪೆಯ ಅಂಚಿನಲ್ಲಿ ಕೂತು, ಮೇಷ್ಟ್ರ ಹಳೆಯ ಮೈಕನ್ನು ಹತ್ತಿರ ಎಳೆದುಕೊಂಡು ನನಗೆ ಹೇಳಿದರು.

"ಬರೇ ಆ ಸಾಲಲ್ಲ. ಮೊದ್ಲಿಂದ ಯೋಳ್ತೀನಿ. ಒತ್ತವ್ವ."

ಒತ್ತಿದೆ. ಕ್ಯಾಕರಿಕೆ ಇಲ್ಲ, ಉಗುಳಿಲ್ಲ. ಸೀದಾ ಪದ ಬಂತು. ಮೇಷ್ಟ್ರಷ್ಟು ದೊಡ್ಡ ದನಿಯಲ್ಲ. ಸ್ವಲ್ಪ ಒಡೆದದ್ದು, ಬಹಳ ಕಾಲ ಮುಚ್ಚಿಟ್ಟದ್ದು. ತೂತು ಬಿದ್ದಿದ್ದ ಕಡೆ ಬಂದಾಗ ನಿಲ್ಲದೆ ದಾಟಿತು. ಮೇಷ್ಟ್ರ ಬೆರಳುಗಳು ಹಾರ್ಮೋನಿಯಂ ಮೇಲೆ ತಾವಾಗಿ ಹಿಂದೆ ಹಿಂದೆ ಹೋದವು. ರಾಜಪಾರ್ಟಿನಾತ ಎದ್ದು ಹೊರಗೆ ಹೋಗಿ ಬಾಯಿ ತೊಳೆದುಕೊಂಡು ಬಂದು, ಆಕೆಯ ಎದುರಿಗೆ ಕೂತ.

ಪದ ಮುಗಿದ ಮೇಲೆ ಉಳಿಸಿದೆ. ಈಗ ಒಂದೇ ಪದಕ್ಕೆ ಎರಡು ಫೈಲಾದವು. ಯಾವುದನ್ನು ಮೇಲಿನ ಸಾಲಿಗೆ ಹಾಕಲಿ ಎಂದು ಮೇಷ್ಟ್ರನ್ನು ಕೇಳಿದೆ. ಅವರು ಸ್ಲೇಟು ಒರೆಸಿ, ಬಹಳ ನಿಧಾನವಾಗಿ ಬರೆದು ನನಗೆ ತೋರಿಸಿದರು: 'ನನ್ನದು ಅಳಿಸು.'

ನಾನು ಆಕೆಯ ಮುಖ ನೋಡಿದೆ.

"ಅಳುಸ್ಬ್ಯಾಡ ಕಣವ್ವ" ಎಂದರು ಆಕೆ, ಮಂಡಿಗೆ ಕೈ ಊರಿ ಏಳುತ್ತ. "ಎರಡೂ ಇರ್ಲಿ, ಅಕ್ಕಪಕ್ಕದಲ್ಲಿ. ಇಬ್ರುದ್ದೂ ಎಂಜ್ಲೇಯ."